ಗಂಜಿಯಿಲ್ಲದ ಅಂಗಿ

ಮೂರು ರಸ್ತೆ ಕೂಡುವ ಮೂಲೆಯಲ್ಲಿ, ಔಷಧಿ ಅಂಗಡಿಯ ಮಗ್ಗುಲಿಗೆ, ಒಂದು ಮೇಜು ಹಿಡಿಯುವಷ್ಟು ಜಾಗದಲ್ಲಿ ಅವನ ಇಸ್ತ್ರಿ ಅಂಗಡಿ. ಬೀದಿಯವರೆಲ್ಲ ಅವನನ್ನು ಗರಿಗರಿಯಣ್ಣ ಎಂದೇ ಕರೆಯುತ್ತಿದ್ದರು. ಆ ಹೆಸರು ಬಂದದ್ದು ಅವನ ಅಂಗಿಯಿಂದ. ಗಂಜಿ ಹಾಕಿ, ತೋಳಿನ ಮಡಿಕೆ ತೀಡಿ, ಕಾಲರನ್ನು ಹಲಗೆಯಂತೆ ನಿಲ್ಲಿಸಿ, ಆ ಅಂಗಿ ತೊಟ್ಟು ಅವನು ಮೇಜಿನ ಹಿಂದೆ ನಿಂತನೆಂದರೆ ಅಂಗಡಿಗೆ ಬೇರೆ ಬೋರ್ಡು ಬೇಕಿರಲಿಲ್ಲ.

“ನಡೆದ್ರೆ ಸದ್ದು ಬರುತ್ತೆ ಇವರ ಅಂಗಿ,” ಎಂದು ಹೆಂಡತಿ ನಗುತ್ತಿದ್ದಳು. “ಕಳ್ಳತನಕ್ಕೆ ಹೋದ್ರೆ ಸಿಕ್ಕಿಬೀಳೋದು ಗ್ಯಾರಂಟಿ.”

ಕಿಡ್ನಿ ಕೈಕೊಟ್ಟ ಮೇಲೂ ಅವನು ಅಂಗಡಿ ಬಿಡಲಿಲ್ಲ. ವಾರಕ್ಕೆ ಮೂರು ದಿನ ಮಧ್ಯಾಹ್ನದ ಮೇಲೆ ಆಸ್ಪತ್ರೆಯಲ್ಲಿ ಡಯಾಲಿಸಿಸ್, ಉಳಿದ ಹೊತ್ತೆಲ್ಲ ಮೇಜಿನ ಹಿಂದೆ. ಸೂಜಿ, ಅಳೆದು ಕುಡಿಯುವ ನೀರು, ಸಪ್ಪೆ ಊಟ, ಎಲ್ಲಕ್ಕೂ ಗೊಣಗದೆ ಹೊಂದಿಕೊಂಡ. ಒಂದಕ್ಕೆ ಮಾತ್ರ ಹೊಂದಿಕೊಳ್ಳಲಾಗಲಿಲ್ಲ. ಅದು ತುರಿಕೆ.

ನೋಡಿದರೆ ಗುಳ್ಳೆಯಿಲ್ಲ, ದದ್ದಿಲ್ಲ. ಬೆನ್ನಿನಲ್ಲಿ ಶುರುವಾಗಿ ತೋಳಿಗಿಳಿದು, ಅಲ್ಲಿಂದ ಕಾಲಿಗೆ ಹೋಗಿ ಮತ್ತೆ ಬೆನ್ನಿಗೇ ಬರುವುದು. ಉಗುರು ಮುಟ್ಟದ ಆಳದಲ್ಲಿ ಏನೋ ಹರಿದಾಡಿದ ಹಾಗೆ. ಕೆರೆದು ಕೆರೆದು ತೋಳೆಲ್ಲ ಗೀರು, ಗೀರಿನ ಮೇಲೆ ಹಕ್ಕಳೆ. ಇಸ್ತ್ರಿಯವನ ಮೈಮೇಲೆ ಕಜ್ಜಿಯಂಥದ್ದು ಕಂಡರೆ ಯಾರು ಬಟ್ಟೆ ಕೊಟ್ಟಾರು ಎಂಬ ಹೆದರಿಕೆಗೆ ಅವನು ತುಂಬುತೋಳಿನ ಅಂಗಿಗೆ ಇನ್ನಷ್ಟು ಗಂಜಿ ಹಾಕಿ, ಗುಂಡಿ ಬಿಗಿದು ನಿಲ್ಲುತ್ತಿದ್ದ. ಬೆಳಿಗ್ಗೆ ಕುದಿಕುದಿ ನೀರಿನಲ್ಲಿ ಬಟ್ಟೆ ಸೋಪು ಹಚ್ಚಿ ಮೈ ತಿಕ್ಕುತ್ತಿದ್ದ. ಕೊಳೆಗೆ ಅವನಿಗೆ ಗೊತ್ತಿದ್ದ ಮದ್ದು ಅದೊಂದೇ. ಮೈಮೇಲೆ ಬಿಸಿನೀರು ಬಿದ್ದಷ್ಟು ಹೊತ್ತು ಹಾಯೆನಿಸುವುದು, ಒರೆಸಿಕೊಂಡು ಅಂಗಿ ತೊಟ್ಟರೆ ತುರಿಕೆ ಒಂದಕ್ಕೆರಡಾಗುವುದು.

ಒಂದು ಬೆಳಿಗ್ಗೆ ಎದುರು ಮಹಡಿಯ ಟೀಚರಮ್ಮ ಬಟ್ಟೆಯ ಗಂಟು ತಂದು ಮೇಜಿನ ಮೇಲಿಟ್ಟರು. ಅವರ ಮಗಳು ಬಾಣಂತಿ. ಗಂಟಿನಲ್ಲಿ ಕೂಸಿನ ಬಟ್ಟೆಗಳೂ ಇದ್ದವು. ಅವರು ಹೋದರೆಂದುಕೊಂಡು ಇವನು ಪಕ್ಕದಲ್ಲಿದ್ದ ಹ್ಯಾಂಗರ್ ತೆಗೆದುಕೊಂಡು, ಅದರ ಕೊಕ್ಕೆಯನ್ನು ಕಾಲರಿನೊಳಗೆ ಇಳಿಬಿಟ್ಟು, ಕಣ್ಣು ಮುಚ್ಚಿ ಬೆನ್ನು ಕೆರೆಯತೊಡಗಿದ. ಕಣ್ಣು ಬಿಟ್ಟಾಗ ಟೀಚರಮ್ಮ ಎದುರಿಗೇ ನಿಂತಿದ್ದರು. ಅವರು ಹ್ಯಾಂಗರ್ ನೋಡಿದರು, ಇವನ ಮುಖ ನೋಡಿದರು.

“ಇವತ್ತು ಬೇಡ ಬಿಡಣ್ಣ. ಮನೇಲೇ ಮಾಡ್ಕೋತೀನಿ,” ಎಂದು ಗಂಟು ಎತ್ತಿಕೊಂಡು ಹೊರಟುಹೋದರು.

ಅವತ್ತು ಊಟಕ್ಕೆ ಕುಳಿತವನು ಅನ್ನ ಕಲಸುತ್ತಲೇ ಹೇಳಿದ.

“ಅಂಗಡಿ ಮುಚ್ಚಿಬಿಡೋಣ ಕಣೇ. ಇವತ್ತು ಅವರು ಹೋದ್ರು, ನಾಳೆ ಬೀದಿ ಪೂರ್ತಿ ಹೋಗುತ್ತೆ. ಅವರಾಗಿ ಬಿಡೋದಕ್ಕಿಂತ ನಾನೇ ಬಿಡೋದು ಮೇಲು.”

“ಅಂಗಡಿ ಆಮೇಲೆ ಮುಚ್ಚೀರಂತೆ. ಮೊದಲು ಬಾಯಿ ತೆಗೀರಿ,” ಎಂದಳು ಹೆಂಡತಿ. “ಆಸ್ಪತ್ರೇಲಿ ಈ ತುರಿಕೆ ವಿಷಯ ಹೇಳಿದೀರಾ?”

“ಅವರು ಕೇಳ್ಲಿಲ್ಲ.”

“ಅವರು ಕೇಳ್ಲಿಲ್ವೋ, ನೀವು ಹೇಳ್ಲಿಲ್ವೋ?”

ಅವನು ಕಲಸಿದ ಅನ್ನವನ್ನೇ ಮತ್ತೆ ಕಲಸತೊಡಗಿದ. ಹೇಳಿದರೆ ಬಿಸಿ ಇಸ್ತ್ರಿ ಪೆಟ್ಟಿಗೆಯ ಹತ್ತಿರವೇ ನಿಲ್ಲಬೇಡ ಎಂದಾರು ಎಂದು ಅವನು ಸುಮ್ಮನಿದ್ದದ್ದು ಅವಳಿಗೆ ಗೊತ್ತಾಗಿಹೋಯಿತು. ಮಾರನೆಯ ದಿನ ಅವಳೂ ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೊರಟಳು.

ಡಯಾಲಿಸಿಸ್ ವಾರ್ಡಿನ ಸಿಸ್ಟರ್ ಮಂಚದ ಹತ್ತಿರ ಬಂದು ಎಂದಿನಂತೆ, “ಹೇಗಿದೀರ ಅಂಕಲ್?” ಎಂದಳು.

“ಆರಾಮ ಸಿಸ್ಟರ್.”

“ನೋಡಮ್ಮ ಇವರ ಆರಾಮ,” ಎಂದು ಹೆಂಡತಿ ಅವನ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. ಗಂಜಿಯ ತೋಳು ಚರಪರ ಎಂದಿತು.

ಸಿಸ್ಟರ್‌ಗಿಂತ ಮೊದಲು ಮಾತಾಡಿದ್ದು ಪಕ್ಕದ ಮಂಚದ ಬಸ್ ಡ್ರೈವರ್. “ಓ, ನಿಮಗೂ ಇದೆಯಾ ಯಜಮಾನ್ರೇ? ನಾನೊಬ್ಬನೇ ಪಾಪಿ ಅಂದ್ಕೊಂಡಿದ್ದೆ. ಕೆಲಸಕ್ಕೆ ಹೋಗ್ತಿದ್ದಾಗ ಒಂದು ಕೈಲಿ ಸ್ಟೇರಿಂಗ್, ಇನ್ನೊಂದು ಕೈಲಿ ಬೆನ್ನು. ಹಿಂದೆ ಕೂತೋರೆಲ್ಲ ಕೈ ಮುಗಿದು ಕೂರೋರು.”

ಅವನಿಗೆ ನಗು ಬಂದುಬಿಟ್ಟಿತು. ಅಷ್ಟು ದಿನ ಇಬ್ಬರೂ ಅಕ್ಕಪಕ್ಕ ಮಲಗಿ, ಇಬ್ಬರೂ ಆರಾಮ ಆರಾಮ ಎನ್ನುತ್ತ, ಹೊದಿಕೆಯ ಕೆಳಗೆ ಕದ್ದು ಕೆರೆದುಕೊಳ್ಳುತ್ತಿದ್ದದ್ದು ಆಗ ತಿಳಿಯಿತು.

ಸಿಸ್ಟರ್ ಸ್ಟೂಲು ಎಳೆದುಕೊಂಡು ಕುಳಿತು ಒಂದೊಂದಾಗಿ ಕೇಳಿದಳು. ಸ್ನಾನ ಹೇಗೆ, ಸೋಪು ಯಾವುದು, ಕೊನೆಗೆ ಮಾತ್ರೆ. “ಆ ದೊಡ್ಡ ಬಿಳಿ ಮಾತ್ರೆ ಯಾವಾಗ ತಗೋತೀರ?”

“ಬೆಳಿಗ್ಗೆ, ತಿಂಡಿಗೆ ಮೊದಲೇ, ಪೆಟ್ಟಿಗೆ ಸ್ವಿಚ್ ಹಾಕಿ, ಅದು ಕಾಯೋದ್ರೊಳಗೆ. ಕಾದ ಪೆಟ್ಟಿಗೆ ಬಿಟ್ಟು ಆಮೇಲೆ ಅಲ್ಲಾಡೋಕಾಗಲ್ಲ ನೋಡಿ.”

“ಮೂರು ಹೊತ್ತಿಂದೂ?”

“ಮೂರು ಹೊತ್ತಿಂದೂ ಒಂದೇ ಸಲ. ಒಂದು ದಿನಾನೂ ತಪ್ಪಿಸಿಲ್ಲ ಸಿಸ್ಟರ್,” ಎಂದ ಅವನು, ಶಹಬ್ಬಾಸ್ ಅನ್ನುತ್ತಾಳೇನೋ ಎಂಬಂತೆ.

ಅವಳು ಗದರಲಿಲ್ಲ. ಊಟದಲ್ಲಿ ಫಾಸ್ಫರಸ್ ಅಂತ ಒಂದಿರುತ್ತದೆ, ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕಲಾರದು, ಡಯಾಲಿಸಿಸ್ ಮಿಷನ್ನಿಗೂ ಅದು ಪೂರ್ತಿ ಸಿಗುವುದಿಲ್ಲ, ಅದು ರಕ್ತದಲ್ಲಿ ಏರಿದರೆ ತುರಿಕೆಯೂ ಏರಬಹುದು ಎಂದಳು. ಆ ಮಾತ್ರೆಯ ಕೆಲಸ ಹೊಟ್ಟೆಯಲ್ಲೇ ಅದನ್ನು ಹಿಡಿದು ಹಾಕುವುದು. ಹಿಡಿಯಬೇಕಾದರೆ ಊಟದ ಜೊತೆಗೇ ಹೋಗಬೇಕು. ಬರೀ ಹೊಟ್ಟೆಗೆ ನುಂಗಿದರೆ ಅಲ್ಲಿ ಹಿಡಿಯಲು ಏನಿದೆ?

ಅವನು ಹೇಳಿದ: “ಬಟ್ಟೆ ಅದ್ದೋ ಮೊದಲೇ ಗಂಜಿನೆಲ್ಲ ಮೋರಿಗೆ ಸುರಿದ ಹಾಗಾಯ್ತು.”

“ಹಾಗೇ ಅಂದ್ಕೊಳ್ಳಿ,” ಎಂದಳು ಸಿಸ್ಟರ್.

ಡಾಕ್ಟರು ಬಂದರು. ರಕ್ತ ಪರೀಕ್ಷೆ ಮಾಡಿಸಿದರು, ಊಟದಲ್ಲಿ ಕೆಲವನ್ನು ಬಿಡಿಸಿದರು, ತುರಿಕೆಗೆಂದೇ ಒಂದು ಸಣ್ಣ ಮಾತ್ರೆ ಕೊಟ್ಟರು. ಉಗುರುಬೆಚ್ಚಗಿನ ನೀರು, ಘಮವಿಲ್ಲದ ಮೆದು ಸೋಪು, ಮೈ ಇನ್ನೂ ಹಸಿಯಿರುವಾಗಲೇ ಹಚ್ಚುವ ಮುಲಾಮು, ಮೆತ್ತನೆಯ ಬಟ್ಟೆ. ಅಂಗಡಿಯ ಮಾತು ಕೇಳಿದ್ದು ಹೆಂಡತಿಯೇ. “ಫ್ಯಾನ್ ಇಟ್ಕೊಂಡು, ತಂಪು ಹೊತ್ತಲ್ಲಿ ಮಾಡ್ಲಿ. ನಿಲ್ಲಿಸಿ ಅಂತ ನಾನೆಲ್ಲಿ ಹೇಳಿದೆ?” ಎಂದರು ಡಾಕ್ಟರು.

ಮರುದಿನ ಬೆಳಿಗ್ಗೆ ಹೆಂಡತಿ ಒಗೆದೊಗೆದು ತೆಳ್ಳಗಾದ ಒಂದು ಅರ್ಧತೋಳಿನ ಅಂಗಿ ಹುಡುಕಿ ತಂದಳು. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

“ಈ ಮುದುರಿದ್ದು ಹಾಕ್ಕೊಂಡು ಇಸ್ತ್ರಿ ಅಂಗಡೀಲಿ ನಿಲ್ಲೋದಾ?”

“ಇಸ್ತ್ರಿ ಬೇಕಿರೋದು ಜನರ ಬಟ್ಟೆಗೆ ರೀ, ನಿಮಗಲ್ಲ.”

ಮೊದಲ ದಿನ ತಲೆ ಎತ್ತಲಾಗಲಿಲ್ಲ. ಔಷಧಿ ಅಂಗಡಿಯವನು ಇಣುಕಿ, “ಏನು ಗರಿಗರಿಯಣ್ಣ, ನಿಮ್ಮನೇಲಿ ಕರೆಂಟಿಲ್ವಾ?” ಎಂದ. ತೋಳಿನ ಗೀರು ಹೇಗೂ ಕಾಣುತ್ತಿತ್ತು, ಮುಚ್ಚಿಡಲು ಏನೂ ಉಳಿದಿರಲಿಲ್ಲ. “ಕಿಡ್ನಿ ತುರಿಕೆ ಕಣಪ್ಪ. ಅಂಟೋದಲ್ಲ,” ಎಂದ. ಒಮ್ಮೆ ಹೇಳಿದ ಮೇಲೆ ಎರಡನೆಯವರಿಗೆ ಹೇಳುವುದು ಸಲೀಸಾಯಿತು. ಕೆಲವರು ಅಯ್ಯೋ ಎಂದರು, ಕೆಲವರು ತಮ್ಮ ಮನೆಯ ಕಾಯಿಲೆಗಳನ್ನೆಲ್ಲ ಬಿಚ್ಚಿಟ್ಟರು. ಒಬ್ಬಿಬ್ಬರು ಬರುವುದನ್ನು ನಿಲ್ಲಿಸಿದರು, ನಿಜ. ಬೀದಿ ಮಾತ್ರ ಖಾಲಿಯಾಗಲಿಲ್ಲ.

ತುರಿಕೆ ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ರಾತ್ರಿಯ ನಿದ್ದೆ ಮರಳಿತು, ನಿಧಾನಕ್ಕೆ ತೋಳಿನ ಹಕ್ಕಳೆ ಉದುರಿತು. ತುರಿಕೆ ಬಂದಾಗ ಅವನು ಉಗುರು ಹಾಕದೆ, ಪ್ಯಾಂಟಿನ ಗೆರೆ ತೀಡಲು ಇಟ್ಟಿರುವಂಥದ್ದೇ ಒಂದು ಒದ್ದೆ ಬಟ್ಟೆಯನ್ನು ತೋಳಿನ ಮೇಲೆ ಹಾಸಿಕೊಳ್ಳುತ್ತಿದ್ದ.

“ಮರೆತು ಅದರ ಮೇಲೆ ಪೆಟ್ಟಿಗೆ ಇಟ್ಟೀರ,” ಎನ್ನುತ್ತಿದ್ದಳು ಹೆಂಡತಿ.

ಹಾಗೆ ಒದ್ದೆ ಬಟ್ಟೆ ಹಾಸಿಕೊಂಡು ನಿಂತಿದ್ದ ಒಂದು ಬೆಳಿಗ್ಗೆ ಟೀಚರಮ್ಮ ಬಂದರು. ಕೈಯಲ್ಲಿ ಗಂಟಿತ್ತು, ಮೇಜಿನ ಮೇಲೆ ಇಡಲಿಲ್ಲ.

“ಅಣ್ಣಾ, ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮನೇಲಿ ಕೂಸಿದೆ.”

“ಕೇಳಿ ಅಮ್ಮ. ಕೇಳದೆ ಹೋದಾಗ್ಲೇ ಬೇಜಾರಾಗಿದ್ದು.”

ಅವರು ಕೇಳಿದರು. ಅವನು ಕಿಡ್ನಿಯಿಂದ ಹಿಡಿದು ಬಿಳಿ ಮಾತ್ರೆಯವರೆಗೂ ಹೇಳಿದ, ತಾನು ಮಾಡಿದ ಪೆದ್ದುತನವನ್ನೂ ಬಿಡಲಿಲ್ಲ. ಅದನ್ನು ಕೇಳಿ ಟೀಚರಮ್ಮ ಸೆರಗು ಬಾಯಿಗಿಟ್ಟು ನಕ್ಕರು, ಆಮೇಲೆ ನಕ್ಕದ್ದಕ್ಕೆ ನಾಚಿಕೊಂಡರು.

“ನಗಿ ಅಮ್ಮ, ನಾನೇ ಎಷ್ಟೋ ಸಲ ನಕ್ಕಾಗಿದೆ,” ಎಂದ ಅವನು.

ಅವರು ಗಂಟನ್ನು ಮೇಜಿನ ಮೇಲಿಟ್ಟು ತಾವೇ ಬಿಚ್ಚಿದರು. “ಸಂಜೆಗೆ ಆಗುತ್ತಾ?”

“ಇಲ್ಲಮ್ಮ, ಇವತ್ತು ನಂದು ಡಯಾಲಿಸಿಸ್. ನಾಳೆ ಬೆಳಿಗ್ಗೆ ಬನ್ನಿ.”

ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ. ಟೀಚರಮ್ಮ ಆಗಲಿ ಎಂದು ಹೋದರು. ಅವನು ಕೂಸಿನದೊಂದು ಅಂಗಿಯನ್ನು ಮೇಜಿನ ಮೇಲೆ ಹರಡಿ, ಪೆಟ್ಟಿಗೆಯ ಬಿಸಿ ತಗ್ಗಿಸಿ, ಅದು ಹದಕ್ಕೆ ಬರಲೆಂದು ಕಾಯುತ್ತ ನಿಂತ.