ಸ್ಪಂಜು ಎಡಗಡೆ ಕಪಾಟಿನದು

ನಮ್ಮ ಕಾಲೇಜಿನ ಜೀವಶಾಸ್ತ್ರ ವಿಭಾಗದಲ್ಲಿ ಮಾದರಿಗಳ ಕೋಣೆಯೊಂದಿತ್ತು. ಎಡಗಡೆ ಕಪಾಟಿನಲ್ಲಿ ಪ್ರಾಣಿಗಳು, ಬಲಗಡೆಯದರಲ್ಲಿ ಸಸ್ಯಗಳು, ಎಲ್ಲವೂ ಗಾಜಿನ ಜಾಡಿಗಳಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದ ಅಟೆಂಡರ್ ಹೆಂಗಸನ್ನು ಎಲ್ಲರೂ ಜಾಡಿಯಕ್ಕ ಎನ್ನುತ್ತಿದ್ದರು. ಓದಿದ್ದು ನಾಲ್ಕನೇ ಕ್ಲಾಸು. ಇಪ್ಪತ್ತೆರಡು ವರ್ಷ ಜಾಡಿಗಳ ದ್ರಾವಣ ಬದಲಿಸುತ್ತಾ, ಪಕ್ಕದ ಕೋಣೆಯಲ್ಲಿ ನಾನು ಮಾಡುತ್ತಿದ್ದ ಪಾಠವನ್ನು ಕೇಳಿಸಿಕೊಂಡಿದ್ದಳು. ನನ್ನ ವಿದ್ಯಾರ್ಥಿಗಳು ಪರೀಕ್ಷೆಯ ಮರುದಿನವೇ ಎಲ್ಲವನ್ನೂ ಮರೆಯುತ್ತಿದ್ದರು. ಇವಳಿಗೆ ಪರೀಕ್ಷೆ ಇರಲಿಲ್ಲ, ಮರೆಯಲಿಲ್ಲ.

ತನಿಖಾ ತಂಡ ಬರುವ ಹಿಂದಿನ ದಿನ ಬೆಳಿಗ್ಗೆ ಹೊಸ ಪ್ರಿನ್ಸಿಪಾಲರು ಕೋಣೆಗೆ ಬಂದರು. ಅವರ ವಿಷಯ ವಾಣಿಜ್ಯ. ಎಡಗಡೆ ಕಪಾಟಿನಲ್ಲಿದ್ದ, ಕವಲೊಡೆದ ಕಡಲ ಸ್ಪಂಜಿನ ಜಾಡಿಯತ್ತ ಬೆರಳು ಮಾಡಿದರು.

“ಏನಮ್ಮಾ, ಗಿಡ ತಂದು ಪ್ರಾಣಿಗಳ ಜೊತೆ ಇಟ್ಟಿದ್ದೀಯಲ್ಲ! ಆ ಕಡೆ ಇಡು.”

“ಅದು ಪ್ರಾಣಿ ಸಾರ್.”

“ಕೊಂಬೆ ಇದೆ, ಕಲ್ಲಿಗೆ ಅಂಟಿಕೊಂಡಿದೆ, ಅಲ್ಲಾಡಲ್ಲ. ಇದ್ಯಾವ ಸೀಮೆ ಪ್ರಾಣಿ?”

“ಕೂತಲ್ಲಿಂದ ಏಳದೋರೆಲ್ಲ ಗಿಡ ಆದ್ರೆ, ನಮ್ಮ ಆಫೀಸ್‌ನೋರಿಗೆ ದಿನಾ ನೀರು ಹಾಕಬೇಕಾಗುತ್ತೆ ಸಾರ್.”

ಬಾಗಿಲಲ್ಲಿದ್ದ ಗುಮಾಸ್ತ ಕಿಸಕ್ಕೆಂದ. ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಸಂಜೆಯೊಳಗೆ ಜಾಡಿ ಬಲಗಡೆ ಹೋಗಬೇಕು, ಇಲ್ಲವೇ ಅವಳು ಗೇಟು ಕಾಯಲು ಹೋಗಬೇಕು ಎಂದು ಹೇಳಿ ಹೊರಟರು. ಗೇಟೆಂದರೆ ದಿನವಿಡೀ ಬಿಸಿಲು. ಅವಳ ಮಂಡಿಗಳು ಆಗಲೇ ಸವೆದಿದ್ದವು.

ನಾನು ವಿಭಾಗದ ಮುಖ್ಯಸ್ಥೆ, ಪಕ್ಕದಲ್ಲೇ ನಿಂತಿದ್ದೆ. ಅಲ್ಲೇ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಬದಲಿಗೆ ಅವಳಿಗೆ ಬುದ್ಧಿ ಹೇಳಲು ಹೋದೆ.

“ಎರಡು ದಿನ ಆ ಕಡೆ ಇಡು. ತಂಡ ಹೋದಮೇಲೆ ವಾಪಸ್ ತಂದರಾಯ್ತು.”

“ನೀವೇ ಹೇಳಿದ್ದಲ್ವೇನಮ್ಮಾ? ಬಿಸಿಲು, ಗಾಳಿ, ನೀರಲ್ಲೇ ತನ್ನ ಊಟ ತಾನು ಮಾಡ್ಕೊಳ್ಳೋದು ಗಿಡ. ಕಂಡೋರನ್ನ ತಿಂದು ಬದುಕೋದು ಪ್ರಾಣಿ. ಇದು ಮೈತುಂಬ ತೂತು ಇಟ್ಕೊಂಡು, ನೀರಲ್ಲಿ ಬರೋ ಸಣ್ಣಸಣ್ಣ ಜೀವ ಸೋಸಿ ತಿನ್ನುತ್ತೆ. ಮರಿಯಾಗಿದ್ದಾಗ ಈಜಾಡುತ್ತೆ. ಇದನ್ನ ಗಿಡದ ಕಪಾಟಲ್ಲಿ ಇಡ್ಲಾ?”

“ತಂಡದೋರಿಗೆ ಗೊತ್ತಾಗಲ್ಲ ಬಿಡೇ.”

“ನನಗೆ ಗೊತ್ತಲ್ಲಮ್ಮ.”



ಸಂಜೆ ಪ್ರಿನ್ಸಿಪಾಲರು ಮತ್ತೆ ಬಂದಾಗ ಜಾಡಿ ಇದ್ದಲ್ಲೇ ಇತ್ತು. ಅವಳು ಖಾಲಿ ಚೀಟಿಯನ್ನೂ ಪೆನ್ನನ್ನೂ ಅವರ ಮುಂದೆ ಹಿಡಿದಳು.

“ಇದು ಗಿಡ ಅಂತ ಬರೆದು ಸಹಿ ಹಾಕಿ ಸಾರ್. ಜಾಡಿಗೆ ಅಂಟಿಸಿ, ಈಗಲೇ ಎತ್ತಿಡ್ತೀನಿ.”

ಅವರು ಪೆನ್ನು ತೆಗೆದುಕೊಂಡು ನನ್ನ ಮುಖ ನೋಡಿದರು.

“ಅದು ಪ್ರಾಣಿಯೇ,” ಎಂದೆ. ಬೆಳಿಗ್ಗೆ ಹೇಳಬೇಕಾಗಿದ್ದ ಮಾತು.

ಅವರು ಸಹಿ ಹಾಕಲಿಲ್ಲ. ಸ್ಪಂಜು ಎಡಗಡೆಯೇ ಉಳಿಯಿತು. ಮರುವಾರ ಜಾಡಿಯಕ್ಕನಿಗೆ ಗೇಟಿನ ಆದೇಶ ಬಂತು. ನಾನು ಬರೆದ ಎರಡು ಆಕ್ಷೇಪಣೆಗಳಿಗೆ ಉತ್ತರ ಬರಲಿಲ್ಲ.

“ಸತ್ತ ಸ್ಪಂಜಿಗೋಸ್ಕರ ನೆರಳು ಕಳ್ಕೊಂಡ್ಯಲ್ಲೇ!” ಎಂದು ಮನೆಯಲ್ಲಿ ಅವಳ ಅತ್ತೆ ಬೈದರಂತೆ. “ಸತ್ತೋರ ಮೇಲೆ ಸುಳ್ಳು ಹೇಳಬಾರದು ಅತ್ತೆ,” ಎಂದಳಂತೆ ಇವಳು.

ಗೇಟಿನಲ್ಲಿ ಆರು ವರ್ಷ ಕೂತಳು. ನೆರಳಿನ ಬೇರೆ ಕೆಲಸ ಕೇಳುವ ಪತ್ರವನ್ನು ನಾನೇ ಬರೆದುಕೊಟ್ಟರೂ ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಪ್ರಿನ್ಸಿಪಾಲರ ಕಾರು ಬಂದಾಗ, ಮಂಡಿ ಹಿಡಿದುಕೊಂಡು, ಎದ್ದು ನಿಲ್ಲುತ್ತಿದ್ದಳು, ಹಾಗೆಂದು ನಿಯಮವಿತ್ತು. ನಮಸ್ಕಾರ ಹೇಳುತ್ತಿರಲಿಲ್ಲ, ಅದಕ್ಕೆ ನಿಯಮವಿರಲಿಲ್ಲ.