ಮಾರದೇ ಮಾರಿದ ಹಂಡೆ

ಹೋದ ತಿಂಗಳು ಒಂದು ಭಾನುವಾರ ನಮ್ಮಮ್ಮ ಟೀವಿ ಮುಂದೆ ಕೂತು ಗೊಳೋ ಎಂದು ಅತ್ತಳು. ಧಾರಾವಾಹಿ ನೋಡಿ ಅಲ್ಲ (ಅದಕ್ಕಾಗಿದ್ದರೆ ನಾನು ತಲೆ ಎತ್ತುತ್ತಲೂ ಇರಲಿಲ್ಲ). ಹಳೇ ಸಾಮಾನು ಕೊಳ್ಳುವ ರಿಯಾಲಿಟಿ ಶೋ ಒಂದರಲ್ಲಿ ಅವಳ ಒಡಹುಟ್ಟಿದ ಅಕ್ಕ, ಅಂದರೆ ಆನವಟ್ಟಿಯ ನನ್ನ ದೊಡ್ಡಮ್ಮ, ಅಜ್ಜಿಯ ತಾಮ್ರದ ಹಂಡೆ ಮಾರುತ್ತಿದ್ದಳು.

"ಅವ್ವನ ಹಂಡೆ ಕಣೋ! ನನಗೊಂದು ಮಾತು ಕೇಳಲಿಲ್ಲ ನೋಡು!"

ಕೋಟು ಹಾಕಿದ ವ್ಯಾಪಾರಿ ಹಂಡೆ ತಟ್ಟಿ, ಹುಬ್ಬೇರಿಸಿ, "ಇದು ರಾಜರ ಕಾಲದ್ದು" ಅಂದ. ದೊಡ್ಡಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ವ್ಯಾಪಾರ ಕುದುರಿತು. ಚಪ್ಪಾಳೆ!

ನಾನು ದೊಡ್ಡಮ್ಮನಿಗೆ ಫೋನ್ ಹಚ್ಚಿದೆ.

"ಅಯ್ಯೋ, ಎಲ್ಲಿ ಮಾರಿದೀನೋ? ಬಚ್ಚಲಲ್ಲೇ ಇದೆ. ನೀರು ತುಂಬ್ಸಿಟ್ಟಿದೀನಿ."

ಶೂಟಿಂಗಿನವರು ಬರುತ್ತಾರೆಂದು ಹಂಡೆಗೆ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿಟ್ಟಿದ್ದಳಂತೆ. ಹಳೇದರ ಥರ ಕಾಣಲ್ಲ ಅಂತ ಡೈರೆಕ್ಟರ್ ಮಸಿ ಬಳಿಸಿದನಂತೆ. "ನಾನು ಮಾರಲ್ಲಪ್ಪ" ಅಂತ ದೊಡ್ಡಮ್ಮ ಅಂದರೆ, "ನಿಜವಾಗ್ಲೂ ಮಾರಿ ಅಂದೋರ್ಯಾರಮ್ಮ? ಮಾರಿದ ಹಾಗೆ ಮಾಡಿ. ಸ್ವಲ್ಪ ಅಳಿ" ಅಂದನಂತೆ. ಮೊದಲು ನಗು ಬಂತಂತೆ. ಆಮೇಲೆ ಅವ್ವನನ್ನು ನೆನೆಸಿಕೊಂಡಳು, ಅಳು ತಾನಾಗಿಯೇ ಬಂತು. (ಇಡೀ ಶೋನಲ್ಲಿ ಅಸಲಿ ಮಾಲು ಅದೊಂದೇ.) ಹಂಡೆ ಅಲ್ಲೇ ಬಿಟ್ಟು ಅವರೆಲ್ಲ ವ್ಯಾನ್ ಹತ್ತಿದರು. ದೊಡ್ಡಮ್ಮ ಮಸಿಯನ್ನೆಲ್ಲ ತಿಕ್ಕಿ ತೊಳೆದಳು.

ಮುಗೀತಲ್ಲ? ಎಲ್ಲಿ ಮುಗಿಯುತ್ತೆ ಸ್ವಾಮಿ!

ದೊಡ್ಡಮ್ಮ ವಿಡಿಯೋ ಕಾಲ್ ಮಾಡಿ ಹಂಡೆ ತೋರಿಸಿದರೆ ಅಮ್ಮ, "ಇದು ಬೇರೆ. ಟೀವಿಯಾಗೆ ಇದ್ದದ್ದು ಕಪ್ಪಗಿತ್ತು" ಅಂದಳು. ಮಸಿ ಬಳಿದ ಕಥೆ ಹೇಳಿದೆ. "ಅಷ್ಟು ದೊಡ್ಡ ಚಾನೆಲ್ಲಿನೋರು ಸುಳ್ಳು ಹೇಳ್ತಾರೇನು? ನಿಮ್ಮ ದೊಡ್ಡಮ್ಮ ಹೇಳ್ತಾಳೆ!" ಫೋನ್ ಕಟ್.

ಸಂತೆಯಲ್ಲಿ ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ ಮುರುಗಿಸಿ ನೋಡುವ ಹೆಂಗಸು ಇವಳು. ಟೀವಿ ಕೊಟ್ಟದ್ದನ್ನು ಮಾತ್ರ ಹುಳ ನೋಡದೆ ಬುಟ್ಟಿಗೆ ಹಾಕಿಕೊಳ್ಳುತ್ತಾಳೆ. ಅವಳೊಬ್ಬಳೇನಾ? ಆನವಟ್ಟಿಯ ಅರ್ಧ ಜನ ದೊಡ್ಡಮ್ಮನನ್ನು ತಡೆದು, "ಪಾರ್ಟಿ ಯಾವಾಗ್ರೀ?" ಅನ್ನುತ್ತಿದ್ದರಂತೆ. ಅದನ್ನು ಆಕೆ ನಕ್ಕು ನುಂಗಿದಳು. ತಂಗಿ ಮಾತು ಬಿಟ್ಟಿದ್ದನ್ನು ನುಂಗಲಾಗಲಿಲ್ಲ. "ಅವ್ವನ್ನ ಮಾರೋಳಾ ನಾನು?" ಅಂತ ನನ್ನ ಹತ್ತಿರ ಅತ್ತಳು.

ತಲೆಕೆಟ್ಟು ಹೋಯಿತು. ಅಮ್ಮನನ್ನು ಬೈಕ್ ಹತ್ತಿಸಿಕೊಂಡು ಶಿಕಾರಿಪುರದಿಂದ ಆನವಟ್ಟಿಗೆ ಹೊರಟೆ. ದೊಡ್ಡಮ್ಮ "ಬಾರೇ" ಎಂದರೂ ಅಮ್ಮ ಮುಖ ಕೊಡದೆ ಸೀದಾ ಬಚ್ಚಲಿಗೆ ನಡೆದಳು. ಹಂಡೆಯ ಕಂಠದ ಸುತ್ತ ಬೆರಳಾಡಿಸಿದಳು. ಒಂದು ಕಡೆ ಬೆರಳು ನಿಂತಿತು. ಅಜ್ಜಿಯ ಹೆಸರು ಕೆತ್ತಿತ್ತು: ಗೌರಮ್ಮ.

"ಅಕ್ಕಾ..." ಅಂದಳು. ಅಷ್ಟೇ. ಇಬ್ಬರೂ ಬಚ್ಚಲಲ್ಲೇ ನಿಂತು ಅತ್ತರು.

ಉಸ್ಸಪ್ಪಾ ಅಂದುಕೊಂಡೆ. ಕಾಫಿ ಬಂತು. ಎರಡು ಗುಟುಕು ಕುಡಿದು, ಲೋಟ ಕೆಳಗಿಟ್ಟು ಅಮ್ಮ ಕೇಳಿದಳು:

"ಅಲ್ಲಕ್ಕಾ, ಹಂಗಾದ್ರೆ ಟೀವಿಯಾಗೆ ಮಾರಿದ್ಯಲ್ಲ, ಅದು ಯಾರ ಹಂಡೆ?"