ಚೀಟಿಯಿಲ್ಲದ ತಾಮ್ರ

ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರಕ್ಕೆ ಒಂದು ವಾಸನೆಯಿದೆ. ಪೂರ್ತಿ ಹುಳಿಯದೂ ಅಲ್ಲ, ಪೂರ್ತಿ ಲೋಹದ್ದೂ ಅಲ್ಲ. ಮೂಗಿಗಿಂತ ಮೊದಲು ಹಲ್ಲಿಗೆ ತಿಳಿಯುವಂಥದ್ದು. ಈ ಆಷಾಢದ ಒಂದು ಮಧ್ಯಾಹ್ನ, ರೋಣದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಹೆಂಡತಿ ಪೂಜೆಯ ತಂಬಿಗೆ ತಿಕ್ಕುತ್ತಿದ್ದಳು. ನಾನು ಒಳಗೆ ಫೋನಿನಲ್ಲಿದ್ದೆ. ಆ ಕಡೆ ಹುಬ್ಬಳ್ಳಿಯ ಒಂದು ಸಾಲ ಸಲಹಾ ಕೇಂದ್ರದ ಹುಡುಗಿ.

ನರಗುಂದದಲ್ಲಿ ನಾನು ತೆರೆದಿದ್ದ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರ ಬಹಳ ದಿನ ನಡೆಯಲಿಲ್ಲ. ಕಾರ್ಡುಗಳ ಬಾಕಿ, ಅದನ್ನು ತೀರಿಸಲು ಮೊಬೈಲಿನಲ್ಲಿ ಎತ್ತಿದ ಸಾಲ, ಆ ಸಾಲ ತೀರಿಸಲು ಇನ್ನೊಂದು… ಆಕೆ ವಿವರಿಸಿದ ಯೋಜನೆ ಸರಳವಾಗಿತ್ತು. ಎಲ್ಲ ಸಾಲಗಳನ್ನು ಒಟ್ಟುಗೂಡಿಸುತ್ತಾರೆ, ಕೊಟ್ಟವರೊಡನೆ ಮಾತಾಡಿ ಬಡ್ಡಿ ಇಳಿಸುತ್ತಾರೆ. ತಿಂಗಳಿಗೆ ಒಂದೇ ಕಂತು. ಅದನ್ನು ಅವರೇ ಹಂಚುತ್ತಾರೆ. ಕಾರ್ಡು ಬಂದ್, ಹೊಸ ಸಾಲ ಇಲ್ಲ. ಮನೆಖರ್ಚು ಕಳೆದು ಉಳಿಯುವುದೆಲ್ಲ ಆ ಕಂತಿಗೇ, ಐದು ವರ್ಷ.

"ನಮ್ಮ ಅಕ್ಕನ ಕಡೆ ಒಂದಿಷ್ಟು ಕೈಗಡ ತಗೊಂಡೀನ್ರಿ," ಎಂದೆ.

"ಚೀಟಿ, ಪತ್ರ ಏನಾರ ಐತ್ರಿ ಸರ್?"

"ಇಲ್ರಿ."

"ಹಂಗಾರ ಅದು ಇದ್ರಾಗ ಬರೂದಿಲ್ರಿ. ಅದನ್ನ ನೀವು ಆಮ್ಯಾಲೆ ನೋಡ್ಕೋರಿ."

ಅದು ಅಕ್ಕ ಹೊಲಿಗೆಯಿಂದ ಕೂಡಿಸಿದ ದುಡ್ಡು. ಭಾವನಿಗೆ ಗೊತ್ತಿಲ್ಲದಂತೆ ಕೊಟ್ಟದ್ದು, ಅದಕ್ಕೇ ಚೀಟಿ ಇರಲಿಲ್ಲ. ಅಕ್ಕನ ಮಗಳ ಕಾಲೇಜಿನ ಫೀಸಿಗೆ ಈ ವರ್ಷ ಅದು ಬೇಕಾಗಿತ್ತು. ನಾಲ್ಕು ದಿನ ಬಿಟ್ಟು ಹೇಳುತ್ತೇನೆಂದು ಫೋನು ಇಟ್ಟೆ. ಅಷ್ಟರಲ್ಲಿ ಆ ವಾಸನೆ ಕೋಣೆಯೊಳಗೆ ಬಂದಿತ್ತು. ಅದರ ಜೊತೆಗೆ, ಎಷ್ಟೋ ವರ್ಷಗಳಿಂದ ನೆನೆಯದ ಒಬ್ಬ ಮನುಷ್ಯ. ಗಜೇಂದ್ರಗಡದ ಭಾಂಡೆ ಅಂಗಡಿಯ ಕಾಕಾ.

ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ನಾನು ಗಜೇಂದ್ರಗಡದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಅವರ ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ ನನ್ನ ವಾಸ. ಕೆಳಗೆ ಇಡೀ ದಿನ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಯಂತ್ರದ ಕಿರುಗುಟ್ಟುವಿಕೆ. ಅವರ ಮುಖ ಸರಿಯಾಗಿ ನೆನಪಿಗೆ ಬರುವುದಿಲ್ಲ. ಮೀಸೆ ಇತ್ತೆಂದು ಬರೆಯಹೋದರೆ ಅದು ನಮ್ಮ ಸೋದರಮಾವನ ಮೀಸೆಯಿರಬಹುದೆಂಬ ಅನುಮಾನ. ಕೈ ಮಾತ್ರ ನೆನಪಿದೆ, ಗೆರೆಗಳಲ್ಲಿ ಕಪ್ಪು ಕೂತ ಅಂಗೈ. ಪಾತ್ರೆಯನ್ನು ಗಿರಾಕಿಗೆ ಕೊಡುವ ಮುನ್ನ ಬೆರಳಿನಿಂದ ಒಮ್ಮೆ ಬಾರಿಸಿ, ಆ ಸದ್ದು ಅಡಗುವ ತನಕ ಸುಮ್ಮನೆ ನಿಲ್ಲುತ್ತಿದ್ದರು.

ಆ ಅಂಗಡಿಯಲ್ಲಿ ಒಂದು ರೂಢಿಯಿತ್ತು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಸಂತೆಗೆ ಬಂದಾಗ ತೂತು ಬಿದ್ದ ಕೊಡ, ಸೀಳಿದ ಹಂಡೆ, ಹಿಡಿಕೆ ಹೋದ ಸೌಟು ತಂದು ಕಾಕಾನ ಕಡೆ ಇಟ್ಟು ಹೋಗುತ್ತಿದ್ದರು. ದುಡ್ಡು ಒಯ್ಯುತ್ತಿರಲಿಲ್ಲ. ಮುಂದೆ ಮಗಳ ಮದುವೆ ಗೊತ್ತಾದಾಗ ಆ ತಾಮ್ರ, ಹಿತ್ತಾಳೆಯ ಬೆಲೆಗೆ ಹೊಸ ಪಾತ್ರೆ. ನಡುವೆ ಎಷ್ಟೋ ವರ್ಷ. ಅಷ್ಟರಲ್ಲಿ ಕಾಕಾ ಹಳೆಯದನ್ನು ಕರಗಿಸುವವರಿಗೆ ಮಾರಿ ವ್ಯಾಪಾರಕ್ಕೆ ಹಾಕಿಕೊಂಡಿರುತ್ತಿದ್ದರು. ಚೀಟಿ ಕೊಡುತ್ತೇನೆಂದರೆ ಹೆಣ್ಣುಮಕ್ಕಳೇ ಬೇಡವೆನ್ನುತ್ತಿದ್ದರು.

"ಚೀಟಿ ಒಯ್ದು ಎಲ್ಲಿಡ್ಲಿ ಕಾಕಾ? ನಮ್ಮಾಂವನ ಕೈಗೆ ಸಿಕ್ರ ನಾಳೆ ಇಲ್ಲೇ ಬಂದು ರೊಕ್ಕ ಮಾಡ್ಕೊಂಡು ಕುಡ್ದು ಹೋಗ್ತಾನ," ಎಂದು ಒಬ್ಬಾಕೆ ನಕ್ಕದ್ದನ್ನು ಕೇಳಿದ್ದೇನೆ.

ಮದುವೆಗಳಲ್ಲಿ ಪಾತ್ರೆ ಕೊಡುವುದು ಕಡಿಮೆಯಾಗುತ್ತ ಬಂತು. ಜನ ಲಕೋಟೆಯಲ್ಲಿ ದುಡ್ಡು ಹಾಕಿ ಕೊಡತೊಡಗಿದರು, ಇಲ್ಲವೆ ಗೋಡೆ ಗಡಿಯಾರ. ಕಾಕಾ ಮಾತ್ರ ಹಿಂದಿನಂತೆಯೇ ಹುಬ್ಬಳ್ಳಿಯಿಂದ ಸಾಲದ ಮೇಲೆ ಮಾಲು ತರಿಸುತ್ತ ಹೋದರು. ಅದರ ಮೇಲೆ ಅಂಗಡಿ ಒತ್ತೆಯಿಟ್ಟ ಸೊಸೈಟಿಯ ಸಾಲ. ಕೊನೆಗೆ ಹುಬ್ಬಳ್ಳಿಯ ಸಗಟು ವ್ಯಾಪಾರಿಗಳು ಕೋರ್ಟಿಗೆ ಹೋಗುತ್ತೇವೆಂದಾಗ ಪೇಟೆಯ ಹಿರಿಯರು ನಡುವೆ ಬಂದರು. ಅಂಗಡಿಯ ಕೀಲಿ ಹಿರಿಯರ ಕೈಗೆ, ದಿನದ ಮಾರಾಟದ ದುಡ್ಡೂ ಅವರ ಕೈಗೆ. ಸಾಲ ಕೊಟ್ಟವರಿಗೆಲ್ಲ ಅವರವರ ಪಾಲಿನಂತೆ ಅವರು ಹಂಚುವುದು, ಕಾಕಾನ ಮನೆಖರ್ಚಿಗೆ ಇಷ್ಟೆಂದು ಪಗಾರ. ಈಗ ಸಲಹಾ ಕೇಂದ್ರದ ಹುಡುಗಿ ನನಗೆ ಹೇಳಿದ್ದೂ ಇದನ್ನೇ.

ಆ ಮಾತುಕತೆಯಲ್ಲಿ ನಾನೂ ಇದ್ದೆ. ಕಾಗದ ಓದಿ ಹೇಳಲು ಕಾಕಾ ಕರೆದಿದ್ದರು. ಹಿರಿಯರ ಪರವಾಗಿ ಮಾತಾಡಿದವರು ಎದುರಿನ ಕಿರಾಣಿ ಅಂಗಡಿಯ ಯಜಮಾನರು, ಕಾಕಾನಿಗೆ ಚಿಕ್ಕಂದಿನ ಗೆಳೆಯ.

"ಹೆಣ್ಮಕ್ಕಳದು ಹ್ಯಾಂಗ?" ಎಂದು ಕಾಕಾ ಕೇಳಿದರು.

"ಯಾವ ಹೆಣ್ಮಕ್ಕಳದೋ ಮಾರಾಯಾ?"

"ತಾಮ್ರ ಇಟ್ಟಾರಲ್ಲ."

ಯಜಮಾನರು ನಕ್ಕುಬಿಟ್ಟರು. "ಒಡಕ ಭಾಂಡಿ ಕೊಟ್ಟದ್ದು ಸಾಲ ಏನೋ? ಅವ್ರೇನ್ ಕೋರ್ಟಿಗೆ ಹೋಗ್ತಾರೇನು? ಮೊದಲ ಹುಬ್ಬಳ್ಳಿಯವ್ರನ್ನ ತಣ್ಣಗ ಮಾಡು. ಹೆಣ್ಮಕ್ಕಳದು ಆಮ್ಯಾಲೆ."

"ಆಮ್ಯಾಲೆ ಅಂದ್ರ ಯಾವಾಗ? ಮದಿವಿ ನಿಲ್ತಾವೇನು?"

ಸಂತೆ ಮುಗಿದ ಮರುದಿನ ಸಹಿ ಎಂದು ಗೊತ್ತುಮಾಡಿ ಎದ್ದರು.

ಅಂದು ಸಂಜೆ ಕಾಕಾ ನನ್ನ ಕೋಣೆಯ ಮೆಟ್ಟಿಲ ಮೇಲೆ ಬಂದು ಕೂತರು. "ಪ್ರೊಫೆಸರ್ರ, ಖರೇ ಹೇಳ್ರಿ. ಸಹಿ ಮಾಡ್ಲ್ಯೋ ಬ್ಯಾಡೋ?"

ಮಾಡಿ ಎಂದೆ. ಮಾಡದಿದ್ದರೆ ಅಂಗಡಿ ಹೋಗುತ್ತದೆ, ಅಂಗಡಿ ಹೋದರೆ ಯಾರಿಗೂ ಏನೂ ಸಿಗುವುದಿಲ್ಲ; ಉಳಿದರೆ ಹೆಣ್ಣುಮಕ್ಕಳಿಗೂ ಎಂದಾದರೂ ಸಿಕ್ಕೀತು. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

"ನಿಮ್ಮ ಪಗಾರ ಆಗಿ ಎಷ್ಟ ತಿಂಗಳಾತೋ ಏನೋ, ನನಗ ಶಾಣೇತನ ಹೇಳ್ತೀರಿ," ಎಂದು ನಕ್ಕರು. ಆಮೇಲೆ, "ಅಂಗಡ್ಯಾಗ ನಾ ಕುಂತಿರ್ತೀನಿ. ಸಾಮಾನೂ ಅಲ್ಲೇ ಇರ್ತಾವ. ಮಗಳ ಮದಿವಿ ಗೊತ್ತಾತು ಕಾಕಾ ಅಂತ ಒಬ್ಬಾಕಿ ಬರ್ತಾಳ. ಕೀಲಿ ನನ್ನ ಕಡೆ ಇಲ್ಲವಾ ಅಂತ ಹ್ಯಾಂಗ ಅನ್ನೂದ್ರಿ?" ಎಂದರು.

ನಾನು ಏನಂದೆನೋ… ಆ ಸಂಜೆ ಮಳೆ ಹಿಡಿದಿತ್ತೆಂದು ನನ್ನ ನೆನಪು. ಆದರೆ ಅದು ಮದುವೆಗಳ ಕಾಲ, ಕಡುಬೇಸಿಗೆ. ಮಳೆ ಬೇರೆ ಯಾವುದೋ ಸಂಜೆಯದಿರಬೇಕು. ಹಾಗಿದ್ದರೆ ಮಾತು? ಮಾತಾದರೂ ಅದೇ ಸಂಜೆಯದೆಂದು ಹಿಡಿದುಕೊಂಡಿದ್ದೇನೆ.

ಮರುದಿನದಿಂದ ಹೆಣ್ಣುಮಕ್ಕಳು ಬರತೊಡಗಿದರು. ಕಾಕಾ ಅವರಿವರ ಕೈಲಿ ಹೇಳಿಕಳಿಸಿದ್ದರು. ಅಂಗಡಿಯ ಹೊಸ ಕೊಡ, ಹಂಡೆ, ಪರಾತ ಒಂದೊಂದಾಗಿ ಇಳಿಸಿ ಅವರಿಗೆ ಕೊಡುತ್ತ ಹೋದರು. ಮದುವೆ ಗೊತ್ತಾಗಿರಲಿ, ಬಿಡಲಿ. ಒಬ್ಬಾಕೆ ಜಗಳಕ್ಕೇ ನಿಂತಳು.

"ನಿಂದು ತಂಬಗಿ ಇತ್ತವಾ, ಹಂಡೆ ಅಲ್ಲ."

"ನಮ್ಮವ್ವನ ಹಂಡೆ ನನಗ ನೆನಪಿಲ್ಲೇನು? ನಿನಗ ವಯಸ್ಸಾತು ಕಾಕಾ. ಅರಳುಮರಳು."

"ಆಗಿದ್ರೂ ಆಗಿರಬೇಕು. ಒಯ್ಯಿ."

ಆಕೆ ಹಂಡೆ ಹೊತ್ತು ನಡೆದಳು. ಯಾರ ನೆನಪು ಸರಿಯಿತ್ತೋ ನನಗೆ ಗೊತ್ತಿಲ್ಲ. ಕಾಕಾನಿಗೂ ಗೊತ್ತಿರಲಿಲ್ಲವೆಂದು ಅವರ ಮುಖದಲ್ಲೇ ಕಾಣುತ್ತಿತ್ತು. ಹೀಗೆ ಬರೆಯುತ್ತಿರುವವನು, ಆ ಮುಖವೇ ನೆನಪಿಲ್ಲದ ನಾನು.

ಗೊತ್ತುಮಾಡಿದ ದಿನ ಹಿರಿಯರು ಕಾಗದ ಹಿಡಿದು ಬಂದಾಗ ಅಂಗಡಿಯ ಗೋಡೆ ಕಾಣುತ್ತಿತ್ತು. ಅಷ್ಟು ವರ್ಷ ಪಾತ್ರೆಗಳ ಹಿಂದೆ ಅಡಗಿದ್ದ ಗೋಡೆ; ಅದರ ಸುಣ್ಣ ಇನ್ನೂ ಬೆಳ್ಳಗಿತ್ತು.

"ಏನ್ ಮಾಡಿದ್ಯೋ ಇದು?" ಎಂದರು ಯಜಮಾನರು.

"ಸಹಿ ಎಲ್ಲಿ ಮಾಡ್ಲಿ ಹೇಳು," ಎಂದು ಕಾಕಾ ಪೆನ್ನು ತೆಗೆದರು.

"ಖಾಲಿ ಅಂಗಡಿ ಕೀಲಿ ತಗೊಂಡು ನಾವೇನ್ ನೆಕ್ಕೂಣೇನು? ಹುಬ್ಬಳ್ಳಿಯವ್ರಿಗೆ ನಾ ಮಾತ ಕೊಟ್ಟಿದ್ದೆ. ನನ್ನ ಮಾರಿಗೆ ಮಸಿ ಹಚ್ಚಿದಿ."

ಆ ಸಿಟ್ಟು ಸುಳ್ಳಿನದಾಗಿರಲಿಲ್ಲ. ಯಜಮಾನರು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದರು. ಕಾಕಾ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು.

ಇದನ್ನು ದೊಡ್ಡ ನಿಯತ್ತಿನ ಕಥೆಯಂತೆ ಹೇಳುವವರು ಆ ಊರಲ್ಲಿದ್ದಾರೆ. ನನಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಸುದ್ದಿ ಮುಟ್ಟಿದವರಿಗೆ ಸಿಕ್ಕಿತು. ದೂರದ ಹಳ್ಳಿಗಳಾದ ಇಟಗಿ, ಬೆಳವಣಕಿಯವರಿಗೆ ಮುಟ್ಟುವಷ್ಟರಲ್ಲಿ ಅಂಗಡಿಗೆ ಸೊಸೈಟಿಯ ಬೀಗ ಬಿದ್ದಿತ್ತು. ಬೆಳವಣಕಿಯ ಒಬ್ಬಾಕೆ, ಆ ತಿಂಗಳೇ ಮಗಳ ಮದುವೆಯಿದ್ದವಳು, ಬೀಗದ ಮುಂದೆ ಕೂತು ಕಾಕಾನ ಹಿಂದಿನವರನ್ನೂ ಮುಂದಿನವರನ್ನೂ ಸೇರಿಸಿ ಬೈದಳು. ಕಾಕಾ ಅಂಗಡಿಯ ಹಿಂದಿನ ತಮ್ಮ ಮನೆಯಲ್ಲೇ ಇದ್ದರು. ಹೊರಗೆ ಬರಲಿಲ್ಲ. ಪಾತ್ರೆ ಹಂಚದೆ ಸಹಿ ಮಾಡಿದ್ದರೆ ಆಕೆಗೆ ಮುಂದೆಂದೋ ಏನಾದರೂ ಸಿಗುತ್ತಿತ್ತೇನೋ. ಹಾಗೆ ಮಾಡದ್ದರಿಂದ ಏನೂ ಸಿಗಲಿಲ್ಲ.

ಆಮೇಲೆ ಅವರು ಹುಬ್ಬಳ್ಳಿಗೆ ಹೋದರು. ಯಾರದೋ ಅಂಗಡಿಯಲ್ಲಿ ಪಾತ್ರೆಗಳಿಗೆ ಹೆಸರು ಕೊರೆಯುತ್ತಿದ್ದಾರೆಂದು ಕೇಳಿದೆ. ಅಲ್ಲೇ ತೀರಿಕೊಂಡರೆಂದೂ ಕೇಳಿದೆ. ಯಾರು ಹೇಳಿದರೆಂದು ನೆನಪಿಲ್ಲ. ಅವರ ಅಂಗಡಿಯಿದ್ದಲ್ಲಿ ಈಗ ಮೊಬೈಲ್ ಮಾರುತ್ತಾರೆ. ಕೊಟ್ಟ ಪಾತ್ರೆಗಳ ಸಮಾಧಾನ ಅವರಿಗೆ ಕೊನೆಗೆ ಉಳಿದಿತ್ತೋ, ಇಲ್ಲ ಬೆಳವಣಕಿಯಾಕೆಯ ದನಿಯೊಂದೇ ಉಳಿದಿತ್ತೋ, ಕೇಳೋಣವೆಂದರೆ ಅವರಿಲ್ಲ…

ನಾನು ಯೋಜನೆಗೆ ಒಪ್ಪಿದೆ. ಲೆಕ್ಕ ಹಾಕಿದರೆ ಬೇರೆ ದಾರಿ ಕಾಣಲಿಲ್ಲ. ಒಪ್ಪುವ ಮೊದಲು ನರೇಗಲ್‌ನಲ್ಲಿರುವ ಅಕ್ಕನಿಗೆ ಫೋನು ಮಾಡಿ, ಐದು ವರ್ಷ ಆಕೆಯ ದುಡ್ಡು ಕೊಡಲಾಗುವುದಿಲ್ಲವೆಂದು ಹೇಳಿದೆ.

"ಉಳಿದವ್ರಿಗೆ?" ಎಂದಳು.

"ಅವ್ರಿಗೆ ತಿಂಗಳಾ ತಿಂಗಳಾ ಹೋಗ್ತೈತಿ."

"ಅಂದ್ರ ಅವ್ರದು ಸಾಲ. ನಂದು ಅಲ್ಲ."

"ಹಂಗಲ್ಲ ಅಕ್ಕಾ…"

"ಆತು ಬಿಡೋ. ಕುಕ್ಕರ್ ಕೂಗಾಕತ್ತೈತಿ."

ಕುಕ್ಕರಿನ ಸದ್ದು ನನಗೆ ಕೇಳಿಸಲಿಲ್ಲ.

ಮೊದಲ ಕಂತು ಹೋದ ವಾರವೇ ನಾಗರ ಪಂಚಮಿ ಬಂತು. ಅಪ್ಪ ಅವ್ವ ಹೋದ ಮೇಲೆ ಅಕ್ಕನಿಗೆ ತವರೆಂದರೆ ನನ್ನ ಮನೆಯೇ. ಪ್ರತಿ ವರ್ಷ ನಾನೇ ಹೋಗಿ ಕರೆತರುತ್ತಿದ್ದೆ. ಕರೆಯದೆ ಪಂಚಮಿಗೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಈ ಸಲವೂ ಬಸ್ ನಿಲ್ದಾಣದ ತನಕ ಹೋದೆ. ನರೇಗಲ್ ಬಸ್ಸು ಬಂತು. ಪಂಚಮಿ ಉಂಡಿಯ ಡಬ್ಬಿ ಹಿಡಿದ ಹೆಂಗಸರು ಇಳಿದರು, ತಂಗಿಯರನ್ನು ಕರೆಯಲು ಹೊರಟ ಗಂಡಸರು ಹತ್ತಿದರು. ಬಸ್ಸು ಹೋಯಿತು. ನಾನು ಹತ್ತದೆ ಮನೆಗೆ ಬಂದೆ. ಈ ಸಲ ಅಕ್ಕನಿಗೆ ಬರಲಾಗುವುದಿಲ್ಲವಂತೆ ಎಂದು ಹೆಂಡತಿಗೆ ಹೇಳಿದೆ.